ಕೊನೆಯ ವಾರ ಮಕ್ಕಳು ಮಾತನಾಡಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದ ಸುತ್ತಮುತ್ತ ಸ್ಪ್ಯಾನಿಷ್ ಕಲಿಸುವ ನನ್ನಂಥವರು ಬೆರಳೆಣಿಕೆಯಷ್ಟು. ಇಂಗ್ಲಿಷ್, ಹಿಂದಿ ಕಲಿಸುವವರೂ ಕೇಳಿ. ಮಾರ್ಚ್ ತಿಂಗಳ ಗೋಳು ಎಲ್ಲರಿಗೂ ಒಂದೇ. ಪಾಠ ಮುಗಿದಿದೆ, ಪರೀಕ್ಷೆಯೂ ಮುಗಿದಿದೆ, ಮಕ್ಕಳ ಕಣ್ಣು ಕಿಟಕಿಯಾಚೆ ಇದೆ. ಆಗ ಮೇಷ್ಟ್ರು ಒಂದು ಸಿನಿಮಾ ಹಾಕಿ, ಮೂಲೆಯಲ್ಲಿ ಅಂಕಪಟ್ಟಿ ತುಂಬಲು ಕೂರುತ್ತಾರೆ. ದಯವಿಟ್ಟು ಬೇಡ. ಕೊನೆಯ ವಾರ ಮಕ್ಕಳು ಮಾತನಾಡಬೇಕು.

ನನ್ನ ಮೆಚ್ಚಿನ ಆಟ ದ್ರಾಕ್ಷಿಯದು. ಸ್ಪೇನ್‌ನಲ್ಲಿ ಡಿಸೆಂಬರ್ 31ರ ನಡುರಾತ್ರಿ, ಮ್ಯಾಡ್ರಿಡ್‌ನ ಪುಯೆರ್ತಾ ದೆಲ್ ಸೋಲ್ ಚೌಕದ ಗಡಿಯಾರ 12 ಬಾರಿ ಹೊಡೆಯುತ್ತದೆ. ಒಂದೊಂದು ಹೊಡೆತಕ್ಕೂ ಒಂದೊಂದು ದ್ರಾಕ್ಷಿ ಬಾಯಿಗೆ. ಮನೆಯಲ್ಲಿ ಟಿವಿ ಮುಂದೆ ಕುಳಿತವರೂ ಬಿಡುವುದಿಲ್ಲ. ಹನ್ನೆರಡನ್ನೂ ಮುಗಿಸಿದವರಿಗೆ ವರ್ಷವೆಲ್ಲ ಶುಭ ಎಂಬ ನಂಬಿಕೆ. ನಮ್ಮ ಶಾಲೆಯ ವರ್ಷ ಮುಗಿಯುವುದು ಮಾರ್ಚ್‌ನಲ್ಲಿ. ಆಗ ನಮ್ಮ ಜಿಲ್ಲೆಯಲ್ಲಿ ದ್ರಾಕ್ಷಿಗೆ ಬರವೇ?

ಎಂಟನೆಯ ತರಗತಿಯಲ್ಲಿ ಹೀಗೆ ಆಡಿಸಿದೆವು. ಗಡಿಯಾರದ ಬದಲು ಸ್ಟೀಲ್ ತಟ್ಟೆ, ಸೌಟು. ಪ್ರತಿ ಹೊಡೆತಕ್ಕೂ ಮುಂದಿನ ವರ್ಷ ತನಗೇನು ಬೇಕು ಎಂದು ಸ್ಪ್ಯಾನಿಷ್‌ನಲ್ಲಿ ಒಂದು ವಾಕ್ಯ, ಜೊತೆಗೆ ಒಂದು ದ್ರಾಕ್ಷಿ. ಬೀಜವಿರುವ ಬೆಂಗಳೂರು ಬ್ಲೂ ತಂದಿದ್ದ ಹುಡುಗ ನಾಲ್ಕನೆಯ ಹೊಡೆತಕ್ಕೇ ಕೆನ್ನೆ ಉಬ್ಬಿಸಿಕೊಂಡು ನಿಂತ. ನುಂಗಲೂ ಆಗದು, ಉಗುಳಲೂ ಆಗದು. ದ್ರಾಕ್ಷಿ ತೋಟದವರ ಮನೆಯ ಹುಡುಗಿಯೊಬ್ಬಳು ಎದ್ದು ಬಂದು ಸೌಟು ಕಿತ್ತುಕೊಂಡಳು. ವಾಕ್ಯ ಮೊದಲು, ಹಣ್ಣು ಆಮೇಲೆ. ವಾಕ್ಯ ಮುಗಿಯುವವರೆಗೆ ತಟ್ಟೆ ಬಾರಿಸುವುದಿಲ್ಲ ಎಂದು ಕಾನೂನು ಮಾಡಿದಳು. ಆಮೇಲೆ ನೋಡಬೇಕಿತ್ತು ಆ ತರಗತಿಯನ್ನು! "ಕ್ಯೇರೊ ದೋರ್ಮೀರ್", ನನಗೆ ನಿದ್ದೆ ಮಾಡಬೇಕು ಎಂದು ಒಬ್ಬ ಕೂಗಿದರೆ, ಇನ್ನೊಬ್ಬಳಿಗೆ ಸಮುದ್ರ ನೋಡಬೇಕು.

ಸ್ಪೇನ್‌ನ ಅಲಿಕಾಂತೆ ಪ್ರಾಂತದ ವಿನಲೋಪೊ ಕಣಿವೆಯಲ್ಲಿ ಬಳ್ಳಿಯ ಮೇಲಿರುವಾಗಲೇ ದ್ರಾಕ್ಷಿ ಗೊನೆಗಳಿಗೆ ಕಾಗದದ ಚೀಲ ಕಟ್ಟುತ್ತಾರೆ, ಹುಳುವಿನಿಂದಲೂ ಬಿಸಿಲಿನಿಂದಲೂ ಕಾಯಲು, ಎಂದು ಹೇಳಿದೆ. ಅದೇ ಹುಡುಗಿ ಬಿಡಲಿಲ್ಲ. ಕಟ್ಟುವವರು ಯಾರು, ಕೂಲಿ ಎಷ್ಟು, ಮಳೆ ಬಂದರೆ? ಎಲ್ಲವನ್ನೂ ಸ್ಪ್ಯಾನಿಷ್‌ನಲ್ಲೇ ಕೇಳಿದಳು. ಕ್ರಿಯಾಪದಗಳು ಎಲ್ಲೆಲ್ಲೋ ಬಿದ್ದಿದ್ದವು. ಬೀಳಲಿ! ನಾನು ಕೆಂಪು ಪೆನ್ನು ಮುಟ್ಟಲಿಲ್ಲ. ಕೊನೆಯ ವಾರ ಮಕ್ಕಳು ಮಾತನಾಡಬೇಕು.

ನನಗೆ ಕೊಟ್ಟ ಸಮಯವನ್ನು ದ್ರಾಕ್ಷಿಯೇ ತಿಂದುಬಿಟ್ಟಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಮೆಕ್ಸಿಕೋದಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಒಡೆಯುವ ಪಿನ್ಯಾತಾ ನಮ್ಮ ಮೊಸರು ಕುಡಿಕೆಯಂತೆಯೇ. ಒಡೆಯುವವನ ಕಣ್ಣಿಗೆ ಬಟ್ಟೆ ಕಟ್ಟಿ. ಎಡಕ್ಕೆ, ಬಲಕ್ಕೆ, ಮೇಲೆ ಎಂದು ಉಳಿದವರು ಸ್ಪ್ಯಾನಿಷ್‌ನಲ್ಲೇ ಕೂಗಲಿ. ಅಲ್ಲಿಯದೇ, ತಂಬೋಲದಂಥ ಲೋತೆರಿಯಾ ಆಟದಲ್ಲಿ 54 ಚಿತ್ರದ ಕಾರ್ಡುಗಳಿವೆ. ರಟ್ಟಿನಲ್ಲಿ ಮಕ್ಕಳೇ ಮಾಡಿಕೊಳ್ಳಬಹುದು. ಚಿತ್ರದ ಹೆಸರು ಹೇಳಿದರೆ ಸಾಲದು, ಅದರ ಬಗ್ಗೆ ಒಂದು ವಾಕ್ಯ ಹೇಳಿಸಿ. ಮುಂದಿನ ವರ್ಷ ಬರುವ ಮಕ್ಕಳಿಗೆ ಪತ್ರ ಬರೆಸಿದರೆ ಗಟ್ಟಿಯಾಗಿ ಓದಿಸಿ.

ಇದಕ್ಕೆ ಅಂಕ ಎಷ್ಟು ಎಂದು ಕೇಳುವ ಪೋಷಕರೇ, ಅಂಕವಿಲ್ಲ. ಆದರೆ ಸ್ಪೇನ್ ಸರ್ಕಾರದ ಸರ್ವಾಂತೆಸ್ ಸಂಸ್ಥೆ ನಡೆಸುವ ಡೆಲೆ ಎಂಬ ಸ್ಪ್ಯಾನಿಷ್ ಭಾಷಾ ಪರೀಕ್ಷೆಯಲ್ಲಿ ಮೊದಲ ಹಂತದಿಂದಲೇ ಎದುರು ಕೂತು ಮಾತನಾಡಬೇಕಾಗುತ್ತದೆ. ಅಲ್ಲಿ ಸಿನಿಮಾ ನೋಡಿದ್ದು ನೆರವಿಗೆ ಬರುವುದಿಲ್ಲ.

ಕೊನೆಗೊಂದು ಮಾತು. ದ್ರಾಕ್ಷಿಯನ್ನು ಚೆನ್ನಾಗಿ ತೊಳೆಯಿರಿ, ಪುಟ್ಟ ಮಕ್ಕಳಿದ್ದರೆ ಉದ್ದಕ್ಕೆ ಸೀಳಿ ಕೊಡಿ. ನಮಸ್ಕಾರ.