ಟ್ಯಾಂಕಿನಿಂದ ಶುರು ಮಾಡಿ

ಕೇಳುಗರಿಗೆಲ್ಲ ನಮಸ್ಕಾರ.

ನಾಡದೋಣಿ ಇಟ್ಟುಕೊಂಡವರ ಜೊತೆ ಇವತ್ತು ನನ್ನ ಮಾತು. ಅದರಲ್ಲೂ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಹಳೆಯ ಔಟ್‌ಬೋರ್ಡ್ ಇಂಜಿನ್ ಇದ್ದು, ಇನ್ನೊಂದೆರಡು ವರ್ಷ ಇದೇ ಓಡಲಿ ಎನ್ನುವವರ ಜೊತೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ದೊಡ್ಡ ಬೋಟುಗಳೆಲ್ಲ ದಡದಲ್ಲಿ. ಆಗ ಕಡಲಿಗೆ ಇಳಿಯುವುದು ನಿಮ್ಮ ದೋಣಿ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ತೆರೆ ಜೋರಾಗುವುದೂ ಆಗಲೇ. ಗಂಗೊಳ್ಳಿಯಾಗಲಿ, ಹೊನ್ನಾವರವಾಗಲಿ, ತದಡಿಯಾಗಲಿ, ಅಳಿವೆ ಬಾಯಲ್ಲಿ ಇಂಜಿನ್ ನಿಂತರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇಂಜಿನ್ ನಿಂತ ಕೂಡಲೇ ನಮ್ಮವರು ಮಾಡುವುದು ಒಂದೇ ಕೆಲಸ. ಮೇಲಿನ ಕವರ್ ತೆಗೆದು, ಸ್ಕ್ರೂಡ್ರೈವರ್ ಹಿಡಿದು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬರೇಟರ್ ಬಿಚ್ಚುವುದು. ದಯವಿಟ್ಟು ಬೇಡ. ಟ್ಯಾಂಕಿನಿಂದ ಶುರು ಮಾಡಿ. ಪೆಟ್ರೋಲು ಬರುವ ದಾರಿಯಲ್ಲೇ ನೀವೂ ಬನ್ನಿ. ಮೊದಲು ಟ್ಯಾಂಕು, ಆಮೇಲೆ ಪೈಪು, ಕೈಯಲ್ಲಿ ಹಿಚುಕುವ ರಬ್ಬರ್ ಬಲ್ಬು, ಫಿಲ್ಟರು, ಪಂಪು. ಕಾರ್ಬರೇಟರ್ ಕಟ್ಟಕಡೆಗೆ.

ಗಂಗೊಳ್ಳಿ ಕಡೆಯ ಒಬ್ಬರ ಕತೆ ಹೇಳುತ್ತೇನೆ. ಹೋದಲ್ಲೆಲ್ಲ ನಾನು ಇದನ್ನೇ ಹೇಳುವುದು, ಮೊದಲೇ ಕೇಳಿದವರು ಸುಧಾರಿಸಿಕೊಳ್ಳಿ. ಮಳೆಗಾಲದ ನಡುವೆ ಫೋನ್ ಬಂತು. ಇಂಜಿನ್ ಸ್ಟಾರ್ಟ್ ಆಗುತ್ತದೆ, ಚೆನ್ನಾಗಿ ಓಡುತ್ತದೆ, ಸ್ವಲ್ಪ ದೂರ ಹೋದ ಮೇಲೆ ಉಸಿರು ಕಟ್ಟಿದ ಹಾಗೆ ಮಾಡಿ ನಿಲ್ಲುತ್ತದೆ. ಸುಮ್ನೆ ಬಿಟ್ಟು ಆಮೇಲೆ ಹಗ್ಗ ಎಳೆದರೆ ಮತ್ತೆ ಸ್ಟಾರ್ಟ್. ಮತ್ತೆ ಅದೇ ಕತೆ. ಅಷ್ಟು ಹೊತ್ತಿಗೆ ಕಾರ್ಬರೇಟರ್ ಎರಡು ಸಲ ಬಿಚ್ಚಿ ಆಗಿತ್ತು. ಪ್ಲಗ್ ಹೊಸದು. ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಬದಲಿಸಬೇಕು ಅಂತ ಯಾರೋ ಹೇಳಿದ್ದರಿಂದ ಅದಕ್ಕೂ ದುಡ್ಡು ಹೊಂದಿಸುತ್ತಿದ್ದರು.

ನಾನು ಹೋದೆ. ಇಂಜಿನ್ ಮುಟ್ಟಲಿಲ್ಲ. ಹೊಳೆಯಲ್ಲೇ ಒಂದು ಸುತ್ತು ಹೋಗೋಣ ಅಂದೆ. ಅವರಿಗೆ ಸಿಟ್ಟು. ನೋಡಲು ಕರೆದರೆ ಇವರು ಸವಾರಿ ಹೊರಟರಲ್ಲ ಅಂತ. ದೋಣಿ ಹೊರಟಿತು. ನಾನು ಕೂತಿದ್ದು ಟ್ಯಾಂಕಿನ ಹತ್ತಿರ, ಬಲ್ಬಿನ ಮೇಲೆ ಕೈಯಿಟ್ಟುಕೊಂಡು. ಇಂಜಿನ್ ಸದ್ದು ಇಳಿಯುವ ಮೊದಲೇ ಬಲ್ಬು ಕೈಯೊಳಗೆ ಚಪ್ಪಟೆಯಾಗತೊಡಗಿತು. ಅಲ್ಲಿಗೆ ಉತ್ತರ ಸಿಕ್ಕಿತು. ಪಂಪು ಎಳೆಯುತ್ತಿದೆ, ಟ್ಯಾಂಕು ಕೊಡುತ್ತಿಲ್ಲ.

ಟ್ಯಾಂಕ್ ನೋಡಿದರೆ, ಮುಚ್ಚಳದ ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಟೈರ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದ್ದಾರೆ. ಇದೆಂಥದು ಅಂತ ಕೇಳಿದೆ. "ಮಳಿ ನೀರ್ ಒಳ್ಗ್ ಹೋತ್ತಲ್ದಾ ಮರಾಯ್ರೆ!" ಅಂದರು. ಪೆಟ್ರೋಲಿಗೆ ನೀರು ಸೇರಬಾರದು ಅಂತ ಯಾರೋ ಸರಿಯಾಗಿಯೇ ಹೇಳಿದ್ದರು. ಇವರು ಅದನ್ನು ಶ್ರದ್ಧೆಯಿಂದ ಪಾಲಿಸಿದ್ದರು. ಆದರೆ ಮುಚ್ಚಳದಲ್ಲಿ ಒಂದು ಸಣ್ಣ ಗಾಳಿ ಸ್ಕ್ರೂ ಇದೆ ಅಲ್ವಾ, ಅದೂ ಪ್ಲಾಸ್ಟಿಕ್ಕಿನ ಅಡಿಗೇ ಹೋಗಿತ್ತು. ಪೆಟ್ರೋಲು ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಬರದಿದ್ದರೆ ಟ್ಯಾಂಕೇ ಪೆಟ್ರೋಲನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಇಂಜಿನ್ ನಿಂತ ಮೇಲೆ ಎಲ್ಲಿಂದಲೋ ಚೂರುಚೂರೇ ಗಾಳಿ ಸೇರುತ್ತದೆ, ಅದಕ್ಕೇ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಪಟ್ಟಿ ಬಿಚ್ಚಿದೆ. ಸುಯ್ ಅಂತ ಗಾಳಿ ನುಗ್ಗಿತು. ದೋಣಿಯಲ್ಲಿದ್ದ ಅವರ ತಮ್ಮ ನಕ್ಕ. ಅವರು ನಗಲಿಲ್ಲ. ಕಾಯಿಲಿನ ದುಡ್ಡು ಉಳಿಯಿತಲ್ಲ ಅಂತ ನಾನೇ ಸಮಾಧಾನ ಹೇಳಬೇಕಾಯಿತು.

ಹಾಗಾಗಿ ಟ್ಯಾಂಕಿನಿಂದ ಶುರು ಮಾಡಿ. ಮಳೆ ನೀರು ಬೀಳದ ಹಾಗೆ ಮರೆ ಮಾಡಿ, ಆದರೆ ಸಡಿಲವಾಗಿ. ಹೊರಡುವಾಗ ಗಾಳಿ ಸ್ಕ್ರೂ ತೆರೆದಿರಲಿ.

ನಿಮ್ಮ ದೋಣಿಯ ಡಾಕ್ಟರ್ ಆ ಬಲ್ಬೇ. ಇಂಜಿನ್ ಮಿಸ್ ಹೊಡೆಯಲು ಶುರುವಾದಾಗ ಒಬ್ಬರು ಬಲ್ಬು ಹಿಚುಕಿ ನೋಡಿ. ಹಿಚುಕಿದ ಕೂಡಲೇ ಇಂಜಿನ್ ಚೇತರಿಸಿಕೊಂಡರೆ ತೊಂದರೆ ಟ್ಯಾಂಕಿನಿಂದ ಪಂಪಿನವರೆಗೆ ಎಲ್ಲೋ ಇದೆ. ಬಲ್ಬು ಚಪ್ಪಟೆಯಾಗಿದ್ದರೆ ಅದಕ್ಕಿಂತ ಹಿಂದೆ, ಟ್ಯಾಂಕಿನ ಕಡೆ, ಕಟ್ಟಿಕೊಂಡಿದೆ. ಗಾಳಿ ಸ್ಕ್ರೂ ಇರಬಹುದು, ಟ್ಯಾಂಕಿನೊಳಗಿನ ಜಾಲರಿ ಇರಬಹುದು. ಹಳೆಯ ಪೈಪಿನ ಒಳಪದರ ಕಿತ್ತು ಅಡ್ಡ ನಿಂತಿರಬಹುದು. ಹೊರಗಿನಿಂದ ಪೈಪ್ ಚೆನ್ನಾಗಿಯೇ ಕಾಣುತ್ತದೆ, ನಂಬಬೇಡಿ. ಎಷ್ಟು ಹಿಚುಕಿದರೂ ಬಲ್ಬು ಗಟ್ಟಿಯಾಗದಿದ್ದರೆ ಗಾಳಿ ಎಳೆಯುತ್ತಿದೆ ಎಂದು ಹುಡುಕಿ. ಪೈಪ್ ಸಿಕ್ಕಿಸುವ ಕಡೆ ಒಂದು ಸಣ್ಣ ರಬ್ಬರ್ ರಿಂಗ್ ಇರುತ್ತದೆ. ಅದು ಒಣಗಿ ಬಿರುಕು ಬಿಟ್ಟಿದ್ದರೆ ಸಾಕು. ಬಲ್ಬಿನ ಒಳಗಿನ ವಾಲ್ವ್ ಕೆಟ್ಟಿದ್ದರೂ ಹೀಗೇ. ಬಲ್ಬಿನ ಮೇಲಿನ ಬಾಣದ ಗುರುತು ಇಂಜಿನ್ ಕಡೆಗಿರಬೇಕು. ಉಲ್ಟಾ ಹಾಕಿದವರೂ ಇದ್ದಾರೆ! ಬಲ್ಬು ಗಟ್ಟಿಯಾಗಿದೆ, ಆದರೂ ಇಂಜಿನ್ ಸಾಯುತ್ತಿದೆ ಅಂದರೆ ಮಾತ್ರ ಪ್ಲಗ್ಗು, ಕಾರ್ಬರೇಟರ್ ಕಡೆ ನೋಡಿ.

ನೀರಿನ ಮಾತಿಗೆ ಬರೋಣ. ಈಗ ಬಂಕಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ. ಅದು ನೀರನ್ನು ಹೀರಿಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇಂಜಿನ್ ಮೊದಲು ಎಳೆಯುವುದು ತಳದ್ದನ್ನೇ. ಅದರಲ್ಲಿ ನೀವು ಪೆಟ್ರೋಲಿಗೆ ಬೆರೆಸಿದ ಆಯಿಲ್ ಇರುವುದಿಲ್ಲ. ಪಿಸ್ಟನ್ ಹಿಡಿದುಕೊಂಡರೆ ಆಶ್ಚರ್ಯವಿಲ್ಲ. ಟ್ಯಾಂಕಿನ ತಳದಿಂದ ಸ್ವಲ್ಪ ತೆಗೆದು ಗಾಜಿನ ಬಾಟಲಿಗೆ ಹಾಕಿ ಹತ್ತು ನಿಮಿಷ ಅಲುಗಾಡಿಸದೆ ಇಡಿ. ಎರಡು ಪದರ ಕಂಡರೆ ಆ ಪೆಟ್ರೋಲು ಇಂಜಿನ್ನಿಗೆ ಬೇಡ. ಈ ಕೆಲಸ ಮಾಡುವಾಗ ಬೀಡಿ ದೂರ ಇರಲಿ, ದೀಪ ಕೂಡ. ವಾರಗಟ್ಟಲೆ ಹಳೆಯ ಪೆಟ್ರೋಲು ಉಳಿಸಿಕೊಳ್ಳಬೇಡಿ.

ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವವರಿಗೆ ಒಂದು ಮಾತು. ಇಂಜಿನ್ ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ, ಸ್ವಲ್ಪ ಓಡಿಸಿ ನಿಲ್ಲಿಸಿ. ಇಲ್ಲದಿದ್ದರೆ ಕಾರ್ಬರೇಟರಿನಲ್ಲಿ ಸೀಮೆಎಣ್ಣೆ ನಿಂತು, ಬೆಳಿಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಆಗಲೂ ಬೈಸಿಕೊಳ್ಳುವುದು ಇಂಜಿನ್ನೇ.

ಸಮಯ ಮುಗಿಯುತ್ತಾ ಬಂತು, ಕಾರ್ಬರೇಟರಿಗೆ ಉಳಿದಿರುವುದು ಇಷ್ಟೇ. ಅದರೊಳಗೆ ಪೆಟ್ರೋಲು ಹಾಯುವ ತೂತಿನ ಬಿಡಿಭಾಗಗಳಿಗೆ ಜೆಟ್ ಅನ್ನುತ್ತಾರೆ. ನಿಧಾನದಲ್ಲಿ ಮಾತ್ರ ನಿಂತರೆ ಸಣ್ಣ ಜೆಟ್ ಕಟ್ಟಿರುತ್ತದೆ. ಪೂರ್ತಿ ವೇಗದಲ್ಲಿ ಮಾತ್ರ ನಿಂತರೆ ದೊಡ್ಡ ಜೆಟ್ ನೋಡಬಹುದು, ಆದರೆ ಅದಕ್ಕೂ ಮೊದಲು, ಹೌದು, ಟ್ಯಾಂಕು. ಜೆಟ್ಟಿನ ತೂತಿಗೆ ತಂತಿ ಚುಚ್ಚಬೇಡಿ. ತೂತು ದೊಡ್ಡದಾದರೆ ಮತ್ತೆ ಸರಿ ಮಾಡಲು ಬರುವುದಿಲ್ಲ. ಕ್ಲೀನರ್ ಹಾಕಿ ಗಾಳಿಯಲ್ಲಿ ಊದಿ. ಅಳಿವೆ ದಾಟುವ ಮೊದಲು ಹೊಳೆಯಲ್ಲೇ ಹತ್ತು ನಿಮಿಷ ಜೋರಾಗಿ ಓಡಿಸಿ ನೋಡಿ. ಲಂಗರು, ಹಗ್ಗ ಕೈಗೆ ಸಿಗುವ ಹಾಗಿರಲಿ. ಪ್ಲಗ್ಗಿನ ವಿಷಯ ಹೇಳಲು ಆಗಲೇ ಇಲ್ಲ. ಒಂದು ಹೊಸ ಪ್ಲಗ್ಗು, ಅದರ ಪಾನಾ ದೋಣಿಯಲ್ಲಿ ಇಟ್ಟುಕೊಂಡಿರಿ, ಸದ್ಯಕ್ಕೆ ಅಷ್ಟು ಸಾಕು. ನಮಸ್ಕಾರ.