ಬಲಗಾಲಿನ ಆಟಗಾರ, ಎಡಬದಿಯ ಕಾವಲು: ನೆಕೊ ವಿಲಿಯಮ್ಸ್

ಶ್ರೋತೃಗಳಿಗೆ ನಮಸ್ಕಾರ.

2019ರ ಅಕ್ಟೋಬರ್ 30ರಂದು ಲಿವರ್‌ಪೂಲ್ ನಗರದ ಆನ್‌ಫೀಲ್ಡ್ ಮೈದಾನದಲ್ಲಿ ಲೀಗ್ ಕಪ್ ಪಂದ್ಯವೊಂದು ನಡೆಯಿತು. ಅಲ್ಲಿ ರಾತ್ರಿ ಒಂಬತ್ತೂವರೆಯ ಆಸುಪಾಸು, ನಮ್ಮಲ್ಲಿ ನಡುರಾತ್ರಿ ಕಳೆದು ಮೂರು ಗಂಟೆ ಸಮೀಪಿಸುತ್ತಿದ್ದ ಹೊತ್ತು. ಆತಿಥೇಯ ಲಿವರ್‌ಪೂಲ್ ವಿರುದ್ಧ ಆರ್ಸೆನಲ್ ತಂಡ 5–4ರಿಂದ ಮುಂದಿತ್ತು, ತೊಂಬತ್ತು ನಿಮಿಷಗಳು ಮುಗಿದು ಹೆಚ್ಚುವರಿ ನಿಮಿಷಗಳೂ ಕರಗುತ್ತಿದ್ದವು. ಆಗ ಬಲಬದಿಯಲ್ಲಿ ಚೆಂಡು ಹದಿನೆಂಟು ವರ್ಷದ ಹುಡುಗನೊಬ್ಬನ ಕಾಲಿಗೆ ಬಂತು. ಲಿವರ್‌ಪೂಲ್‌ನ ಹಿರಿಯರ ತಂಡದಲ್ಲಿ ಅದು ಅವನ ಮೊಟ್ಟಮೊದಲ ಪಂದ್ಯ. ಅವನು ತಲೆಯೆತ್ತಿ ಒಮ್ಮೆ ನೋಡಿ ಚೆಂಡನ್ನು ಗೋಲಿನ ಮುಂದಕ್ಕೆ ಎತ್ತಿ ಕಳುಹಿಸಿದ. ಸಹ ಆಟಗಾರ ಡಿವಾಕ್ ಒರಿಗಿ ಮೈಯನ್ನು ಅಡ್ಡಲಾಗಿ ಗಾಳಿಗೆ ಚೆಲ್ಲಿ, ಚೆಂಡು ನೆಲ ಮುಟ್ಟುವ ಮೊದಲೇ ಬಲೆಗೆ ಹೊಡೆದರು. ಐದಕ್ಕೆ ಐದು. ಆಮೇಲೆ ಪೆನಾಲ್ಟಿ ಶೂಟೌಟ್‌ನಲ್ಲಿ ಲಿವರ್‌ಪೂಲ್ ಗೆದ್ದಿತು. ಮರುದಿನ ಎಲ್ಲರ ಬಾಯಲ್ಲೂ ಒರಿಗಿಯ ಹೆಸರೇ ಇತ್ತು. ಇವತ್ತು ನಾನು ಮಾತನಾಡಬೇಕೆಂದಿರುವುದು ಆ ಚೆಂಡನ್ನು ಕಳುಹಿಸಿದ ಹುಡುಗನ ಬಗ್ಗೆ. ಅವರ ಹೆಸರು ನೆಕೊ ವಿಲಿಯಮ್ಸ್.

ವಿಲಿಯಮ್ಸ್ ಹುಟ್ಟಿದ್ದು 2001ರ ಏಪ್ರಿಲ್ 13ರಂದು, ವೇಲ್ಸ್‌ನ ಈಶಾನ್ಯ ಮೂಲೆಯ ರೆಕ್ಸಮ್‌ನಲ್ಲಿ. ಬೆಳೆದದ್ದು ಹತ್ತಿರದ ಕೆವ್ನ್ ಮಾವ್ರ್ ಎಂಬ ಹಳ್ಳಿಯಲ್ಲಿ. ಆ ಹಳ್ಳಿಯ ಪಕ್ಕದಲ್ಲೇ ಡೀ ನದಿಯ ಕಣಿವೆಯ ಮೇಲೆ 1805ರಲ್ಲಿ ಪೂರ್ಣಗೊಂಡ ಮೇಲ್ಗಾಲುವೆಯೊಂದಿದೆ: ಎತ್ತರದ ಕಲ್ಲಿನ ಕಂಬಗಳು, ಅವುಗಳ ಮೇಲೆ ಕಬ್ಬಿಣದ ತೊಟ್ಟಿ, ಆ ತೊಟ್ಟಿಯ ನೀರಿನಲ್ಲಿ ಇಂದಿಗೂ ಸಾಗುವ ದೋಣಿಗಳು. ಕಬ್ಬಿಣ, ಕಲ್ಲಿದ್ದಲುಗಳ ಈ ಸೀಮೆಯಲ್ಲೇ ವೇಲ್ಸ್‌ನ ಫುಟ್‌ಬಾಲ್ ಬೇರು ಬಿಟ್ಟಿತು. ವೇಲ್ಸ್‌ನ ಫುಟ್‌ಬಾಲ್ ಸಂಸ್ಥೆ 1876ರಲ್ಲಿ ರೆಕ್ಸಮ್‌ನಲ್ಲಿಯೇ ಹುಟ್ಟಿತು. ಮರುವರ್ಷ ಸ್ಕಾಟ್ಲೆಂಡ್ ವಿರುದ್ಧ ವೇಲ್ಸ್ ತನ್ನ ನೆಲದ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನು ಆಡಿದ್ದೂ ಅಲ್ಲಿನ ರೇಸ್‌ಕೋರ್ಸ್ ಮೈದಾನದಲ್ಲಿ. ಇಡೀ ವೇಲ್ಸ್‌ನ ಜನಸಂಖ್ಯೆ ಸುಮಾರು ಮೂವತ್ತೊಂದು ಲಕ್ಷ. ನಮ್ಮ ಬೆಂಗಳೂರಿನ ಜನರಲ್ಲಿ ಮೂರನೆಯ ಒಂದು ಪಾಲೂ ಆಗದಷ್ಟು ಮಂದಿಯ ನಡುವಿನಿಂದ ಒಂದು ರಾಷ್ಟ್ರೀಯ ತಂಡವನ್ನು ಕಟ್ಟಬೇಕು. ಹಾಗಾಗಿ ಅಲ್ಲಿ ಚೆನ್ನಾಗಿ ಆಡುವ ಹುಡುಗನೊಬ್ಬ ಯಾರ ಕಣ್ಣಿಗೂ ಬೀಳದೆ ಉಳಿಯುವುದು ಕಷ್ಟ.

ವಿಲಿಯಮ್ಸ್ ಅವರನ್ನು ಲಿವರ್‌ಪೂಲ್ ಕ್ಲಬ್ ತನ್ನ ತರಬೇತಿ ಅಕಾಡೆಮಿಗೆ ಸೇರಿಸಿಕೊಂಡಾಗ ಅವರಿಗೆ ಆರು ವರ್ಷ. ಗಡಿಯಾಚೆಯ ಆ ನಗರ ದೂರವೇನಲ್ಲ. ಆದರೆ ಆರನೆಯ ವಯಸ್ಸಿನಿಂದ ಹದಿನೆಂಟರವರೆಗೆ ಅದೇ ದಾರಿಯಲ್ಲಿ ಓಡಾಡುವುದೆಂದರೆ ಬಾಲ್ಯದ ಬಹುಪಾಲನ್ನು ಒಂದು ಸಾಧ್ಯತೆಗೆ ಒತ್ತೆ ಇಟ್ಟಂತೆ. ಹದಿನೇಳು ತುಂಬಿ, ಹಿರಿಯರ ತಂಡದ ಬಾಗಿಲು ಕಾಣಿಸತೊಡಗಿದ ಹೊತ್ತಿಗೆ ಬೆನ್ನುನೋವು ಅವರನ್ನು ತಿಂಗಳುಗಟ್ಟಲೆ ಮೈದಾನದಿಂದ ದೂರ ಇಟ್ಟಿತು. ಆ ವಯಸ್ಸಿನಲ್ಲಿ ಬೆನ್ನಿನ ಪೆಟ್ಟಿನಿಂದ ಆಟವನ್ನೇ ಬಿಟ್ಟವರಿದ್ದಾರೆ. ವಿಲಿಯಮ್ಸ್ ಮರಳಿ ಬಂದು, 2019ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿ ಎಫ್.ಎ. ಯೂತ್ ಕಪ್ ಗೆದ್ದ ಕಿರಿಯರ ತಂಡದಲ್ಲಿ ಆಡಿದರು. ಆರು ತಿಂಗಳು ಕಳೆದ ಮೇಲೆ ಬಂದದ್ದೇ ನಾನು ಮೊದಲು ಹೇಳಿದ ಆ ಅಕ್ಟೋಬರ್ ರಾತ್ರಿ.

ಅವರ ಸ್ಥಾನ ಬಲಬದಿಯ ಫುಲ್‌ಬ್ಯಾಕ್. ಈ ಆಟವನ್ನು ಹೆಚ್ಚು ನೋಡದ ಶ್ರೋತೃಗಳಿಗಾಗಿ ಆ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಕ್ಷಣಾ ಸಾಲಿನ ನಾಲ್ವರಲ್ಲಿ ಎರಡು ತುದಿಗಳಲ್ಲಿ ನಿಲ್ಲುವವರೇ ಫುಲ್‌ಬ್ಯಾಕ್‌ಗಳು. ಎದುರಾಳಿಗಳಲ್ಲಿ ಅತ್ಯಂತ ವೇಗದವರೂ ಚುರುಕು ಕಾಲಿನವರೂ ಆದ ವಿಂಗರ್‌ಗಳು ನುಗ್ಗುವುದು ಇವರ ಕಡೆಯಿಂದಲೇ. ತೀರ ಹತ್ತಿರ ಹೋದರೆ ಅವರು ತಪ್ಪಿಸಿಕೊಂಡು ಹಾಯುತ್ತಾರೆ, ದೂರ ನಿಂತರೆ ಚೆಂಡನ್ನು ನಿರಾಯಾಸವಾಗಿ ಗೋಲಿನ ಮುಂದಕ್ಕೆ ಕಳುಹಿಸುತ್ತಾರೆ. ಒಂದೂವರೆ ಮಾರಿನ ಆ ಅಂತರವನ್ನು ಓಡುತ್ತಲೇ ಕಾಯ್ದುಕೊಳ್ಳಬೇಕು. ಮರುಕ್ಷಣ ಚೆಂಡು ತಮ್ಮವರಿಗೆ ಸಿಕ್ಕಿತೆಂದರೆ ಇದೇ ಕಾವಲುಗಾರ ಇಡೀ ಮೈದಾನದ ಉದ್ದಕ್ಕೆ ಓಡಿ ದಾಳಿಗೆ ಹೆಗಲು ಕೊಡಬೇಕು. ತರಬೇತುದಾರ ಯೂರ್ಗೆನ್ ಕ್ಲಾಪ್ ಅವರ ಲಿವರ್‌ಪೂಲ್ ತಂಡದಲ್ಲಿ ಈ ಎರಡನೆಯ ಕೆಲಸಕ್ಕೆ ವಿಶೇಷ ಮಹತ್ವವಿತ್ತು. ತಂಡದ ಗೋಲುಗಳ ದಾರಿ ಬಹಳ ಬಾರಿ ಫುಲ್‌ಬ್ಯಾಕ್‌ಗಳ ಕಾಲಿನಿಂದಲೇ ತೆರೆಯುತ್ತಿತ್ತು.

ತೊಡಕು ಇದ್ದದ್ದೂ ಅಲ್ಲಿಯೇ. ಲಿವರ್‌ಪೂಲ್‌ನ ಬಲಬದಿಯಲ್ಲಿ ಆಗ ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್ ಇದ್ದರು. ಅದೇ ನಗರದ ಮಗ, ವಿಲಿಯಮ್ಸ್‌ಗಿಂತ ಬರೀ ಎರಡೂವರೆ ವರ್ಷ ದೊಡ್ಡವರು, ಜಗತ್ತಿನ ಅತ್ಯುತ್ತಮ ಬಲಬದಿ ಫುಲ್‌ಬ್ಯಾಕ್‌ಗಳಲ್ಲಿ ಒಬ್ಬರೆಂದು ಆಗಲೇ ಎಣಿಸಿಕೊಂಡವರು. ಅಂಥವರ ಹಿಂದೆ ಸರದಿಯಲ್ಲಿ ನಿಂತವರಿಗೆ ವಯಸ್ಸಿನ ಅಂತರದ ಸಮಾಧಾನವೂ ಇರಲಿಲ್ಲ. ಸಿಕ್ಕ ಅವಕಾಶಗಳನ್ನು ವಿಲಿಯಮ್ಸ್ ಬಿಡಲಿಲ್ಲ. 2020ರ ಫೆಬ್ರವರಿಯಲ್ಲಿ, ಹಿರಿಯರಿಗೆ ವಿರಾಮವಿದ್ದಾಗ, ಲಿವರ್‌ಪೂಲ್ ತನ್ನ ಇತಿಹಾಸದ ಅತ್ಯಂತ ಕಿರಿಯ ವಯಸ್ಸಿನ ತಂಡವನ್ನು ಎಫ್.ಎ. ಕಪ್‌ನಲ್ಲಿ ಶ್ರೂಸ್‌ಬರಿ ವಿರುದ್ಧ ಕಣಕ್ಕಿಳಿಸಿತು. ವಿಲಿಯಮ್ಸ್ ಕಳುಹಿಸಿದ ಉದ್ದದ ಚೆಂಡನ್ನು ತಡೆಯಲು ಹೋದ ಎದುರಾಳಿಯ ತಲೆಗೆ ತಾಗಿ ಅದು ಅವರದೇ ಗೋಲಿನೊಳಗೆ ಬಿತ್ತು, ಪಂದ್ಯದ ಏಕೈಕ ಗೋಲು ಅದೇ ಆಯಿತು. ಜೂನ್ 24ರಂದು ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಬದಲಿ ಆಟಗಾರನಾಗಿ ಅವರು ಪ್ರೀಮಿಯರ್ ಲೀಗ್‌ಗೆ ಕಾಲಿಟ್ಟರು. ಮರುದಿನವೇ ಲಿವರ್‌ಪೂಲ್ ಮೂವತ್ತು ವರ್ಷಗಳ ನಂತರ ಇಂಗ್ಲೆಂಡಿನ ಲೀಗ್ ಪ್ರಶಸ್ತಿಯನ್ನು ತನ್ನದಾಗಿಸಿಕೊಂಡಿತು.

ಆ ವರ್ಷದ ಸೆಪ್ಟೆಂಬರ್ ತಿಂಗಳನ್ನು ಪ್ರತ್ಯೇಕವಾಗಿ ಹೇಳಬೇಕು. ಹತ್ತೊಂಬತ್ತರ ವಿಲಿಯಮ್ಸ್ ಫಿನ್ಲೆಂಡ್ ವಿರುದ್ಧ ಮೊದಲ ಬಾರಿಗೆ ವೇಲ್ಸ್ ತಂಡದ ಕೆಂಪಂಗಿ ತೊಟ್ಟರು. ಮೂರು ದಿನಗಳ ನಂತರ, 6ರಂದು, ಕಾರ್ಡಿಫ್‌ನಲ್ಲಿ ಬಲ್ಗೇರಿಯ ಎದುರಾಳಿ. ಕೊರೊನಾ ಕಾಲ, ಸಾವಿರಾರು ಕುರ್ಚಿಗಳು ಖಾಲಿ, ಆಟಗಾರರು ಒಬ್ಬರನ್ನೊಬ್ಬರು ಕೂಗಿ ಕರೆಯುವುದು ಟಿ.ವಿ.ಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಗೋಲೇ ಇಲ್ಲದೆ ಪಂದ್ಯ ಮುಗಿಯುವಂತಿದ್ದಾಗ, ತೊಂಬತ್ನಾಲ್ಕನೆಯ ನಿಮಿಷದಲ್ಲಿ, ಸಹ ಆಟಗಾರ ಜಾನಿ ವಿಲಿಯಮ್ಸ್ ಬದಿಯಿಂದ ಗೋಲಿನ ಮುಂದಕ್ಕೆ ಕಳುಹಿಸಿದ ಚೆಂಡಿಗೆ, ಅಂದರೆ ಕ್ರಾಸ್‌ಗೆ, ಗೋಲುಕಂಬದ ಬಳಿ ನುಗ್ಗಿದ ನೆಕೊ ವಿಲಿಯಮ್ಸ್ ತಲೆ ಕೊಟ್ಟರು. 1–0. ದೇಶಕ್ಕಾಗಿ ಹೊಡೆದ ಮೊದಲ ಗೋಲನ್ನು ನೋಡಲು ಸ್ಟ್ಯಾಂಡಿನಲ್ಲಿ ಯಾರೂ ಇರಲಿಲ್ಲವಲ್ಲ ಎಂದು ನನಗೆ ಈಗಲೂ ಮರುಕವಾಗುತ್ತದೆ. ಅದೇ ತಿಂಗಳ ಕೊನೆಗೆ ಲಿಂಕನ್ ಸಿಟಿಯನ್ನು ಲಿವರ್‌ಪೂಲ್ 7–2ರಿಂದ ಸೋಲಿಸಿದ ಪಂದ್ಯದಲ್ಲಿ ಅವರ ಆಟ ಸಪ್ಪೆಯಾಗಿತ್ತೆಂದು ತಮ್ಮದೇ ಕ್ಲಬ್ಬಿನ ಕೆಲವು ಅಭಿಮಾನಿಗಳು ಸಾಮಾಜಿಕ ಜಾಲತಾಣದಲ್ಲಿ ಅವರನ್ನು ವಾಚಾಮಗೋಚರವಾಗಿ ಬೈದರು. ಗೆದ್ದ ಪಂದ್ಯಕ್ಕೆ, ಹತ್ತೊಂಬತ್ತು ವರ್ಷದವನಿಗೆ ಈ ಮಾತುಗಳು! ಅದು ಅನ್ಯಾಯವೆಂದು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಒಪ್ಪುವುದಿಲ್ಲ.

ರಕ್ಷಣಾ ಆಟಗಾರನ ಲೆಕ್ಕವೇ ಹಾಗೆ. ಗೋಲು ಹೊಡೆಯುವವನು ಹತ್ತರಲ್ಲಿ ಒಂಬತ್ತು ಕೈಬಿಟ್ಟು ಒಂದನ್ನು ಬಲೆಗೆ ಸೇರಿಸಿದರೆ ವೀರನಾಗುತ್ತಾನೆ. ಇವನು ಒಂಬತ್ತನ್ನು ತಡೆದು ಹತ್ತನೆಯದರಲ್ಲಿ ಎಡವಿದರೆ ಆ ಹತ್ತನೆಯದೇ ನೆನಪಿನಲ್ಲಿ ಉಳಿಯುತ್ತದೆ. 2021ರ ಜೂನ್ 26ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆದದ್ದು ಅದೇ. ಯುರೋ ಪಂದ್ಯಾವಳಿಯ ನಾಕೌಟ್ ಪಂದ್ಯದಲ್ಲಿ ಡೆನ್ಮಾರ್ಕ್ ವಿರುದ್ಧ ವೇಲ್ಸ್‌ನ ಬಲಬದಿ ಆಟಗಾರ ಕಾನರ್ ರಾಬರ್ಟ್ಸ್ ಮೊದಲರ್ಧದಲ್ಲೇ ಗಾಯಗೊಂಡರು, ವಿಲಿಯಮ್ಸ್ ಒಳಬಂದರು. ದ್ವಿತೀಯಾರ್ಧದ ಆರಂಭದಲ್ಲಿ ಗೋಲಿನ ಮುಂದೆ ಅವರು ದೂರ ಒದೆಯಬೇಕಿದ್ದ ಚೆಂಡು ಕಾಲಿಗೆ ಸರಿಯಾಗಿ ಸಿಗದೆ ನೇರವಾಗಿ ಕ್ಯಾಸ್ಪರ್ ಡೋಲ್‌ಬರ್ಗ್ ಅವರ ಮುಂದೆ ಬಿತ್ತು. ಅದು ಡೆನ್ಮಾರ್ಕ್‌ನ ಎರಡನೆಯ ಗೋಲು. ಪಂದ್ಯ 4–0ಕ್ಕೆ ಹೋಯಿತು.

2022ರ ಜನವರಿಯಲ್ಲಿ ಅವರು ಎರವಲು ಆಟಗಾರನಾಗಿ ಲಂಡನ್ನಿನ ಫುಲ್‌ಹ್ಯಾಮ್‌ಗೆ ಹೋದರು. ಎರಡನೆಯ ದರ್ಜೆಯ ಲೀಗ್, ಆದರೆ ವಾರದಿಂದ ವಾರಕ್ಕೆ ಆಟ. ಫುಲ್‌ಹ್ಯಾಮ್ ಆ ಲೀಗನ್ನು ಗೆದ್ದು ಪ್ರೀಮಿಯರ್ ಲೀಗ್‌ಗೆ ಏರಿತು. ಬೇಸಿಗೆಯಲ್ಲಿ, ಇಪ್ಪತ್ಮೂರು ವರ್ಷಗಳ ನಂತರ ಮೇಲ್ದರ್ಜೆಗೆ ಮರಳಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸುಮಾರು 1.7 ಕೋಟಿ ಪೌಂಡ್ ಕೊಟ್ಟು ವಿಲಿಯಮ್ಸ್‌ರನ್ನು ಖರೀದಿಸಿತು. ಆರನೆಯ ವಯಸ್ಸಿನಿಂದ ಬೆಳೆಸಿದ ಕ್ಲಬ್ಬನ್ನು, ಹಿರಿಯರ ತಂಡದಲ್ಲಿ 33 ಪಂದ್ಯಗಳನ್ನು ಆಡಿ, ಇಪ್ಪತ್ತೊಂದರಲ್ಲಿ ಬಿಟ್ಟು ಬರುವುದನ್ನು ಸೋಲೆಂದು ಕೆಲವರು ಎಣಿಸಬಹುದು. ನನ್ನ ಅಭಿಪ್ರಾಯದಲ್ಲಿ ಅವರ ವೃತ್ತಿಜೀವನದ ಅತ್ಯಂತ ವಿವೇಕದ ನಿರ್ಧಾರ ಅದೇ. ದೊಡ್ಡ ಕ್ಲಬ್ಬಿನ ಬೆಂಚಿನ ಮೇಲೆ ಕೂತು ಪದಕಗಳನ್ನು ಎಣಿಸುತ್ತ ಇಪ್ಪತ್ತೈದು ದಾಟಿಸಿದ ಪ್ರತಿಭಾವಂತರು ಬೇಕಾದಷ್ಟು ಮಂದಿ ಇದ್ದಾರೆ.

ಆ ವರ್ಷದ ನವೆಂಬರ್‌ನಲ್ಲಿ ವೇಲ್ಸ್ 1958ರ ನಂತರ ಮೊದಲ ಬಾರಿಗೆ ವಿಶ್ವಕಪ್ ಆಡಿತು. ಕತಾರ್‌ನಲ್ಲಿ ಅಮೆರಿಕದ ವಿರುದ್ಧದ ಮೊದಲ ಪಂದ್ಯದ ಹಿಂದಿನ ರಾತ್ರಿ ತಾತ ತೀರಿಕೊಂಡ ಸುದ್ದಿಯನ್ನು ತಾಯಿ ವಿಲಿಯಮ್ಸ್‌ಗೆ ತಿಳಿಸಿದರು. ದಿನವಿಡೀ ಅತ್ತು, ಸಂಜೆ ಅವರು ಮೈದಾನಕ್ಕಿಳಿದರು. ತಾತನಿಗಾಗಿಯೇ ಅದನ್ನೆಲ್ಲ ದಾಟಿ ಬಂದೆ ಎಂದು ಆಮೇಲೆ ತಾವೇ ಬರೆದುಕೊಂಡರು. ಗಮನಿಸಬೇಕಾದ ಸಂಗತಿಯೆಂದರೆ ಅವರು ಅಂದು ಆಡಿದ್ದು ಬಲಬದಿಯಲ್ಲಲ್ಲ, ಎಡಬದಿಯಲ್ಲಿ. ವೇಲ್ಸ್‌ನ ಗ್ಯಾರೆತ್ ಬೇಲ್ ಅವರ ಪೆನಾಲ್ಟಿಯಿಂದ ಪಂದ್ಯ 1–1ರಲ್ಲಿ ಮುಗಿಯಿತು. ಇಂಗ್ಲೆಂಡ್ ವಿರುದ್ಧದ ಮೂರನೆಯ ಪಂದ್ಯದಲ್ಲಿ ಮಾರ್ಕಸ್ ರ‍್ಯಾಶ್‌ಫರ್ಡ್ ಅವರ ಬಿರುಸಿನ ಹೊಡೆತ ತಲೆಗೆ ಬಡಿದು ವಿಲಿಯಮ್ಸ್ ಮೊದಲರ್ಧದಲ್ಲೇ ಹೊರನಡೆಯಬೇಕಾಯಿತು. ಮುಂದಿನ ಏಪ್ರಿಲ್‌ನಲ್ಲಿ ಫಾರೆಸ್ಟ್‌ಗಾಗಿ ಆಡುತ್ತಿದ್ದಾಗ ದವಡೆಯ ಮೂಳೆ ಮುರಿಯಿತು, ಆ ಋತು ಅಲ್ಲಿಗೇ ಮುಗಿಯಿತು.

ಈ ಎಡಬದಿಯ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಅವರ ಬೆಳವಣಿಗೆ ನನಗೆ ಹೆಚ್ಚು ಕಾಣುವುದು ಅಲ್ಲಿ. ವಿಲಿಯಮ್ಸ್ ಬಲಗಾಲಿನವರು. ಬಲಗಾಲಿನವರನ್ನು ಎಡಬದಿಗೆ ಹಾಕಿದರೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಗೆರೆಯ ಪಕ್ಕದಲ್ಲಿ ಓಡುತ್ತ ಕ್ರಾಸ್ ಹಾಕಬೇಕೆಂದರೆ ಒಂದೋ ಒಗ್ಗದ ಎಡಗಾಲನ್ನು ಬಳಸಬೇಕು, ಇಲ್ಲವೇ ನಿಂತು ಚೆಂಡನ್ನು ಒಳಕ್ಕೆ ಎಳೆದುಕೊಳ್ಳಬೇಕು. ಆ ಅರೆಕ್ಷಣದಲ್ಲಿ ಎದುರಾಳಿ ಮುಂದೆ ಬಂದು ನಿಂತಿರುತ್ತಾನೆ. ಆದರೆ ಲಾಭವೂ ಉಂಟು. ಈಗಿನ ವಿಂಗರ್‌ಗಳಲ್ಲಿ ಅನೇಕರು ಗೆರೆಯ ಕಡೆಗೆ ಓಡದೆ ಒಳಕ್ಕೆ ತಿರುಗಿ ಗೋಲಿಗೆ ಹೊಡೆಯುವವರು. ಅವರು ಒಳಕ್ಕೆ ತಿರುಗಿದಾಗ ಎಡಬದಿಯಲ್ಲಿರುವ ಬಲಗಾಲಿನ ಕಾವಲುಗಾರನಿಗೆ ಅಡ್ಡ ಚಾಚಲು ತನ್ನ ಗಟ್ಟಿ ಕಾಲೇ ಸಿಗುತ್ತದೆ. 2024–25ರ ಋತುವಿನಲ್ಲಿ ತರಬೇತುದಾರ ನೂನೊ ಎಸ್ಪಿರಿಟೊ ಸ್ಯಾಂಟೊ ಅವರ ಫಾರೆಸ್ಟ್ ತಂಡದಲ್ಲಿ ಬಲಬದಿಯನ್ನು ಓಲಾ ಐನಾ ಹಿಡಿದಿದ್ದಾಗ, ವಿಲಿಯಮ್ಸ್ ಎಡಬದಿಯಲ್ಲಿ ನಿಂತು ತಂಡದ ನಂಬಿಗಸ್ತ ಆಟಗಾರರಾದರು. ಫಾರೆಸ್ಟ್ ಏಳನೆಯ ಸ್ಥಾನ ಗಳಿಸಿ ಯುರೋಪಿನ ಸ್ಪರ್ಧೆಗೆ ಮರಳಿತು. 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ ಗೆದ್ದಿದ್ದ ಆ ಕ್ಲಬ್ಬಿಗೆ ಅದು ಸುಮಾರು ಮೂರು ದಶಕಗಳ ಕಾಯುವಿಕೆಯ ಕೊನೆ. ಎಫ್.ಎ. ಕಪ್‌ನಲ್ಲಿ ವೆಂಬ್ಲಿಯ ಸೆಮಿಫೈನಲ್‌ವರೆಗೂ ತಂಡ ಹೋಯಿತು. 2025ರ ಬೇಸಿಗೆಯಲ್ಲಿ ವಿಲಿಯಮ್ಸ್ 2029ರವರೆಗಿನ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು.

ಹೇಳಲು ಉಳಿದಿರುವುದು 2024ರ ಮಾರ್ಚ್ ತಿಂಗಳ ಆರು ದಿನಗಳು. ಯುರೋ ಪಂದ್ಯಾವಳಿಯ ಅರ್ಹತೆಗಾಗಿ ಕಾರ್ಡಿಫ್‌ನಲ್ಲಿ ಪ್ಲೇಆಫ್. 21ರಂದು ಎದುರಾಳಿ ಅದೇ ಫಿನ್ಲೆಂಡ್, ಆದರೆ ಈ ಸಲ ಸ್ಟ್ಯಾಂಡುಗಳು ತುಂಬಿದ್ದವು. ಮೊದಲರ್ಧದಲ್ಲಿ ವೇಲ್ಸ್‌ಗೆ ಗೋಲಿನ ಎದುರು ಫ್ರೀಕಿಕ್ ಸಿಕ್ಕಿತು. ವಿಲಿಯಮ್ಸ್ ಚೆಂಡನ್ನಿಟ್ಟು, ಹಿಂದೆ ಸರಿದು, ಓಡಿ ಬಂದು ಬಲಗಾಲಿನಿಂದ ಹೊಡೆದರು, ಚೆಂಡು ಬಲೆಯಲ್ಲಿತ್ತು. ವೇಲ್ಸ್ 4–1ರಿಂದ ಗೆದ್ದಿತು. 26ರಂದು ಪೋಲೆಂಡ್ ವಿರುದ್ಧ ನೂರಿಪ್ಪತ್ತು ನಿಮಿಷ ಆಡಿದರೂ ಗೋಲಿಲ್ಲ, ಪೆನಾಲ್ಟಿ ಶೂಟೌಟ್. ವೇಲ್ಸ್‌ನ ಮೊದಲ ನಾಲ್ವರೂ ಗುರಿ ತಪ್ಪಲಿಲ್ಲ, ನಾಲ್ಕನೆಯವರು ವಿಲಿಯಮ್ಸ್. ಐದನೆಯ ಹೊಡೆತವನ್ನು ಪೋಲೆಂಡಿನ ಗೋಲ್‌ಕೀಪರ್ ತಡೆದರು, ವೇಲ್ಸ್ ಸೋತಿತು. ಆ ಹೊತ್ತಿಗೆ ವಿಲಿಯಮ್ಸ್‌ಗೆ ಇನ್ನೂ ಇಪ್ಪತ್ಮೂರು ತುಂಬಿರಲಿಲ್ಲ.

ನಮಸ್ಕಾರ.