ಕ್ಲಾಸ್ ಬಂದ್ ಆದ್ಮೇಲೆ ಮ್ಯಾಚ್ ಯಾಕೆ?

ಕೇಳುಗರಿಗೆಲ್ಲ ನಮಸ್ಕಾರ.

2020ರ ಮಾರ್ಚ್ 12, ಗುರುವಾರ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಲ್ಲಿ ಸೇಂಟ್ ಜಾನ್ಸ್ ಮತ್ತೆ ಕ್ರೇಟನ್ ಅಂತ ಎರಡು ಕಾಲೇಜ್ ಟೀಮುಗಳು ಬ್ಯಾಸ್ಕೆಟ್‌ಬಾಲ್ ಆಡ್ತಿದ್ವು. ಹಿಂದಿನ ರಾತ್ರಿನೇ ಎನ್‌ಬಿಎ, ಅಂದ್ರೆ ದುಡ್ಡು ತಗೊಂಡು ಆಡೋರ ಲೀಗು, ಒಬ್ಬ ಆಟಗಾರನಿಗೆ ಕೋವಿಡ್ ಪಾಸಿಟಿವ್ ಬಂದಿದ್ದಕ್ಕೆ ಇಡೀ ಸೀಸನ್ ನಿಲ್ಲಿಸಿಬಿಟ್ಟಿತ್ತು. ಆದ್ರೂ ಈ ಕಾಲೇಜ್ ಹುಡುಗ್ರನ್ನ ಕೋರ್ಟಿಗೆ ಇಳಿಸಿದ್ರು. ಮೊದಲರ್ಧ ಮುಗೀತು, ಎರಡೂ ಕಡೆಯವರು ಒಳಗೆ ಹೋದ್ರು, ಆಮೇಲೆ ಹೊರಗೆ ಬರ್ಲೇ ಇಲ್ಲ. ಟೂರ್ನಮೆಂಟು ಅಲ್ಲಿಗೇ ರದ್ದು. ಅವತ್ತೇ ಸಾಯಂಕಾಲದ ಹೊತ್ತಿಗೆ ಎನ್‌ಸಿಎಎ, ಅಮೆರಿಕದ ಕಾಲೇಜ್ ಕ್ರೀಡೆಗಳನ್ನ ನಡೆಸೋ ದೊಡ್ಡ ಸಂಸ್ಥೆ ಅದು, ತನ್ನ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟನ್ನೇ ಕೈಬಿಟ್ಟಿತು. 1939ರಲ್ಲಿ ಶುರುವಾದ ಗಂಡುಮಕ್ಕಳ ಟೂರ್ನಮೆಂಟು ಎರಡನೇ ಮಹಾಯುದ್ಧದ ವರ್ಷಗಳಲ್ಲೂ ನಿಂತಿರ್ಲಿಲ್ಲ.

ಸಾಂಕ್ರಾಮಿಕ ರೋಗ ಹರಡ್ತಿರೋವಾಗ ಕಾಲೇಜ್ ಆಟಗಳನ್ನ ನಡೆಸ್ಬೋದಾ, ನಡೆಸ್ಬಾರ್ದಾ, ಇವತ್ತು ಇದರ ಬಗ್ಗೆ ನಿಮ್ಮ ಜೊತೆ ಮಾತಾಡ್ಬೇಕು ಅಂತಿದೀನಿ. ಅದಕ್ಕೆ ಅಮೆರಿಕದ ಆ ಒಂದೂಕಾಲು ವರ್ಷವನ್ನೇ ಹಿಡ್ಕೊಂಡು ಮಾತಾಡ್ತೀನಿ, ಯಾಕಂದ್ರೆ ಕಾಲೇಜ್ ಆಟ ಅಲ್ಲಿ ಬೆಳೆದಷ್ಟು ದೊಡ್ಡದಾಗಿ ಬೇರೆಲ್ಲೂ ಬೆಳೆದಿಲ್ಲ, ಮತ್ತೆ ಈ ಪ್ರಶ್ನೆಗೆ ಇರೋ ಎಲ್ಲಾ ಉತ್ತರಗಳನ್ನೂ ಅವರು ಒಂದಲ್ಲಾ ಒಂದು ಕಡೆ ಮಾಡಿ ನೋಡಿದಾರೆ. ಪೂರ್ತಿ ನಿಲ್ಲಿಸಿದೋರು ಇದ್ರು, ಏನೂ ಆಗಿಲ್ಲ ಅನ್ನೋ ಹಾಗೆ ಮುಂದುವರೆದೋರೂ ಇದ್ರು, ನಿಲ್ಲಿಸಿ ಮತ್ತೆ ಮನಸ್ಸು ಬದಲಾಯಿಸಿದೋರೂ ಇದ್ರು.

ಮೊದಲು ದುಡ್ಡಿನ ವಿಷಯ ಹೇಳ್ಬಿಡ್ತೀನಿ, ಅದನ್ನ ಬಿಟ್ರೆ ಉಳಿದಿದ್ದು ಅರ್ಥ ಆಗಲ್ಲ. ಆ ಒಂದು ಟೂರ್ನಮೆಂಟ್ ರದ್ದಾಗಿದ್ದಕ್ಕೆ, ಕಾಲೇಜುಗಳಿಗೆ ಎನ್‌ಸಿಎಎ ಹಂಚಬೇಕಿದ್ದ 60 ಕೋಟಿ ಡಾಲರ್ ಇಳಿದು 22.5 ಕೋಟಿಗೆ ಬಂತು. ಟಿವಿಯವರು ಕೊಡೋ ದುಡ್ಡು ಅದು. ಅದರ ಮೇಲೇನೇ ಕೋಚುಗಳ ಸಂಬಳ, ಸ್ಟೇಡಿಯಮ್ಮಿನ ಸಾಲ, ಈಜು, ಕುಸ್ತಿ, ಓಟ, ಇಂಥ ಸಂಪಾದನೆ ಇಲ್ಲದ ಆಟಗಳ ಖರ್ಚು, ಎಲ್ಲಾ ನಿಂತಿರುತ್ತೆ. ಹಾಗಾಗಿ ಬೇಸಿಗೆ ಬರ್ತಿದ್ದ ಹಾಗೆ ಎಲ್ಲರ ಕಣ್ಣು ಫುಟ್‌ಬಾಲ್ ಮೇಲೆ ಬಿತ್ತು. ಅಮೆರಿಕದ ಫುಟ್‌ಬಾಲ್ ಅಂದ್ರೆ ನಿಮಗೆ ಗೊತ್ತಿರ್ಬೋದು, ಪ್ರತಿ ಸಲ ಚೆಂಡು ಕೈಗೆ ಬಂದಾಗ ಎರಡು ಸಾಲು ಹುಡುಗ್ರು ಮುಖಕ್ಕೆ ಮುಖ ಕೊಟ್ಟು ಒಬ್ಬರ ಉಸಿರು ಒಬ್ಬರಿಗೆ ತಾಗೋಷ್ಟು ಹತ್ತಿರ ಗುದ್ದಾಡ್ತಾರೆ, ಟೀಮಲ್ಲಿ ನೂರರ ಸುಮಾರು ಜನ ಇರ್ತಾರೆ, ಗಾಳಿಯಲ್ಲಿ ಹರಡೋ ರೋಗಕ್ಕೆ ಇದಕ್ಕಿಂತ ಅನುಕೂಲದ ಆಟ ಇನ್ನೊಂದಿಲ್ಲ.

ಅದೇ ಬೇಸಿಗೇಲಿ ಎನ್‌ಬಿಎ ಏನ್ಮಾಡ್ತು ನೋಡಿ. ಫ್ಲೋರಿಡಾದ ಡಿಸ್ನಿ ವರ್ಲ್ಡ್ ಒಳಗೆ 22 ಟೀಮುಗಳನ್ನ ಕರ್ಕೊಂಡು ಹೋಗಿ ಕೂರಿಸ್ತು, ಹೊರಗಿನವರು ಒಳಗೆ ಬರೋ ಹಾಗಿಲ್ಲ, ದಿನಾ ಟೆಸ್ಟು, ಕ್ವಾರಂಟೈನ್ ಮುಗಿಸಿ ಒಳಗೆ ಸೇರಿದ ಮೇಲೆ ಒಬ್ಬ ಆಟಗಾರನಿಗೂ ಸೋಂಕು ತಗಲಲಿಲ್ಲ. ಬಬಲ್ ಅಂತ ಕರೆದ್ರು ಅದನ್ನ. ಅಂದ್ರೆ ಆಡೋಕ್ಕೆ ಆಗುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಅಲ್ಲಿ ಆಡ್ತಿದ್ದೋರಿಗೆ ಸಂಬಳ ಇತ್ತು, ಅವರ ಪರವಾಗಿ ಮಾತಾಡೋಕ್ಕೆ ಯೂನಿಯನ್ ಇತ್ತು, ಬರಲ್ಲ ಅಂದ್ರೆ ಅದಕ್ಕೊಂದು ದಾರಿ ಇತ್ತು. ಆಗ ಕಾಲೇಜಿನ ಹುಡುಗನಿಗೆ ಸಂಬಳ ಇರ್ಲಿಲ್ಲ, ಯೂನಿಯನ್ ಇರ್ಲಿಲ್ಲ, ಸ್ಕಾಲರ್‌ಶಿಪ್ ಒಂದಿತ್ತು, ಅದು ಕೈತಪ್ಪುತ್ತೇನೋ ಅನ್ನೋ ಭಯ ಇತ್ತು. ನೀನು ಮೊದಲು ವಿದ್ಯಾರ್ಥಿ, ಆಮೇಲೆ ಆಟಗಾರ ಅಂತ ಅವನಿಗೆ ಸೇರಿದ ದಿನದಿಂದ ಹೇಳ್ಕೊಂಡು ಬಂದಿದ್ರು.

ಆ ಮಾತು ಎಷ್ಟು ಗಟ್ಟಿ ಅಂತ ಆಗಸ್ಟಿನಲ್ಲಿ ಗೊತ್ತಾಯ್ತು. ನಾರ್ತ್ ಕೆರೊಲೈನಾ ಯೂನಿವರ್ಸಿಟಿ ಚಾಪೆಲ್ ಹಿಲ್ಲಿನಲ್ಲಿ ಆಗಸ್ಟ್ 10ಕ್ಕೆ ಕ್ಲಾಸ್ ಶುರು ಮಾಡ್ತು, ಹಾಸ್ಟೆಲ್ಲುಗಳಲ್ಲಿ ಸೋಂಕು ಹರಡ್ತು, ಒಂದೇ ವಾರಕ್ಕೆ, 17ನೇ ತಾರೀಖು, ಪದವಿ ಕ್ಲಾಸುಗಳೆಲ್ಲ ಇನ್ಮೇಲೆ ಆನ್‌ಲೈನ್ ಅಂತ ಹೇಳ್ಬಿಡ್ತು. ಫುಟ್‌ಬಾಲ್ ಸೀಸನ್ ಮಾತ್ರ ರದ್ದಾಗ್ಲಿಲ್ಲ. ಸೆಪ್ಟೆಂಬರ್ 12ಕ್ಕೆ ಮೊದಲ ಮ್ಯಾಚ್ ಆಡಿದ್ರು. ಪಕ್ಕದಲ್ಲಿ ಕೂತು ಪಾಠ ಕೇಳೋದು ಅಪಾಯ, ಮೈಮೇಲೆ ಬಿದ್ದು ಆಡೋದು ಪರವಾಗಿಲ್ಲ ಅಂತ ಒಂದೇ ಕ್ಯಾಂಪಸ್ಸು ಒಂದೇ ತಿಂಗಳೊಳಗೆ ಹೇಳಿದ ಹಾಗಾಯ್ತು, ಇದನ್ನ ಓದಿದಾಗ ನನಗೆ ತುಂಬಾ ಸಂಕಟ ಆಯ್ತು, ಇವತ್ತಿಗೂ ಆಗುತ್ತೆ.

ಅಷ್ಟೊತ್ತಿಗಾಗ್ಲೇ ಐವಿ ಲೀಗ್ ತನ್ನ ನಿರ್ಧಾರ ಹೇಳಾಗಿತ್ತು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಎಲ್ಲಾ ಇರೋ ಗುಂಪು ಅದು. ಜುಲೈ 8ಕ್ಕೇ ಶರತ್ಕಾಲದ ಆಟಗಳು ಇಲ್ಲ ಅಂದ್ರು, ನವೆಂಬರಿನಲ್ಲಿ ಬ್ಯಾಸ್ಕೆಟ್‌ಬಾಲೂ ಇಲ್ಲ ಅಂದ್ರು. ಅವರ ಬೊಕ್ಕಸ ಟಿವಿ ದುಡ್ಡಿನ ಮೇಲೆ ನಿಂತಿಲ್ಲ, ಅದಕ್ಕೇ ಅಷ್ಟು ಸುಲಭಕ್ಕೆ ಹೇಳಿದ್ರು ಅಂತ ಕೆಲವರು ಆಕ್ಷೇಪ ಮಾಡ್ತಾರೆ. ನಿಜಾನೇ. ಆದ್ರೆ ಅದರಿಂದ ನಮಗೆ ಗೊತ್ತಾಗೋದೇನು, ದುಡ್ಡಿನ ಹಗ್ಗ ಕುತ್ತಿಗೆಗೆ ಇಲ್ಲದಿದ್ರೆ ವಿದ್ಯಾಸಂಸ್ಥೆಗಳು ಏನು ನಿರ್ಧಾರ ಮಾಡ್ತಾವೆ ಅನ್ನೋದು ತಾನೆ.

ಬಿಗ್ ಟೆನ್ ಮತ್ತೆ ಪ್ಯಾಕ್-12 ಅಂತ ಯೂನಿವರ್ಸಿಟಿಗಳ ಎರಡು ದೊಡ್ಡ ಕ್ರೀಡಾ ಗುಂಪುಗಳು ಆಗಸ್ಟ್ 11ಕ್ಕೆ ಆಟ ಮುಂದೂಡಿದ್ವು. ಉಳಿದ ಮೂರು ದೊಡ್ಡ ಗುಂಪುಗಳು ನಾವು ಆಡೇ ಆಡ್ತೀವಿ ಅಂದ್ವು. ಆಟಗಾರರು ಏನಂದ್ರು ಅನ್ನೋದು ಮುಖ್ಯ, ಯಾಕಂದ್ರೆ ಅವರನ್ನ ಅಲ್ಲೀವರೆಗೂ ಸರಿಯಾಗಿ ಯಾರೂ ಕೇಳಿರ್ಲಿಲ್ಲ. ಕೆಲವು ಯೂನಿವರ್ಸಿಟಿಗಳು ಪ್ರಾಕ್ಟೀಸಿಗೆ ಬರೋ ಮುಂಚೆ, ಅಪಾಯ ಇದೆ ಅಂತ ನನಗೆ ಗೊತ್ತು ಅಂತ ಬರೆದಿದ್ದ ಕಾಗದಗಳಿಗೆ ಅವರ ಸಹಿ ತಗೊಂಡಿದ್ವು, ಕೊನೆಗೆ ಆಗಸ್ಟಿನಲ್ಲಿ ಎನ್‌ಸಿಎಎನೇ ಮಧ್ಯೆ ಬಂದು, ಆಟಗಾರರ ಕಾನೂನು ಹಕ್ಕು ಬಿಟ್ಟುಕೊಡೋ ಹಾಗೆ ಬರೆಸ್ಕೋಬಾರ್ದು, ಆಡಲ್ಲ ಅಂದೋರ ಸ್ಕಾಲರ್‌ಶಿಪ್ ಕಿತ್ಕೋಬಾರ್ದು ಅಂತ ಹೇಳ್ತು. ಪ್ಯಾಕ್-12ರ ಆಟಗಾರರು ಸುರಕ್ಷತೆ ಇಲ್ಲದಿದ್ರೆ ಆಡಲ್ಲ ಅಂತ ಬಹಿರಂಗ ಪತ್ರ ಬರೆದ್ರು. ಅದಾದ ಒಂದು ವಾರಕ್ಕೆ ಕ್ಲೆಮ್ಸನ್ ಯೂನಿವರ್ಸಿಟಿಯ ಫುಟ್‌ಬಾಲ್ ಆಟಗಾರ ಟ್ರೆವರ್ ಲಾರೆನ್ಸ್ ಮತ್ತೆ ಇನ್ನಷ್ಟು ಹುಡುಗ್ರು ನಾವು ಆಡ್ಬೇಕು ಅಂತಿದೀವಿ ಅಂದ್ರು. ಪೇಪರುಗಳಲ್ಲಿ ಇವೆರಡನ್ನೂ ಎದುರುಬದುರು ನಿಲ್ಲಿಸಿದ್ರು, ಆದ್ರೆ ಎರಡನೇ ಹೇಳಿಕೆ ಪೂರ್ತಿ ಓದಿದ್ರೆ ಅದರಲ್ಲೂ ಇದ್ದಿದ್ದು ಅದೇ ಬೇಡಿಕೆಗಳು, ಎಲ್ಲರಿಗೂ ಒಂದೇ ಆರೋಗ್ಯ ನಿಯಮ ಇರ್ಲಿ, ಬೇಡ ಅನ್ನೋರಿಗೆ ಬಿಡೋ ಅವಕಾಶ ಇರ್ಲಿ, ನಮ್ಮದೇ ಒಂದು ಸಂಘ ಇರ್ಲಿ ಅಂತ. ಆಡೋ ಆಸೆ ಇದ್ದವನಿಗೂ ಭಯ ಇದ್ದೇ ಇತ್ತು, ಭಯ ಇದ್ದವನಿಗೂ ಆಸೆ ಇತ್ತು.

ಇನ್ನು ಹೃದಯದ ವಿಷಯ. ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ವೈರಸ್ ಸೋಂಕು ಬಂದಾಗ ಕೆಲವರಿಗೆ ಹೃದಯದ ಸ್ನಾಯು ಊದಿಕೊಳ್ಳುತ್ತೆ, ಮಯೋಕಾರ್ಡೈಟಿಸ್ ಅಂತಾರೆ. ಅಂಥ ಹೃದಯ ಇಟ್ಕೊಂಡು ಜೋರಾಗಿ ಓಡಿದ್ರೆ ಬಡಿತದ ಲಯ ತಪ್ಪಿ ಮೈದಾನದಲ್ಲೇ ಕುಸಿದುಬೀಳೋ ಅಪಾಯ ಇದೆ, ಅದಕ್ಕೇ ಡಾಕ್ಟ್ರು ಮೂರರಿಂದ ಆರು ತಿಂಗಳು ಆಟ ಬಿಟ್ಬಿಡಿ ಅಂತಾರೆ. 2020ರ ಸೆಪ್ಟೆಂಬರಿನಲ್ಲಿ ಒಹಾಯೋ ಸ್ಟೇಟ್ ಯೂನಿವರ್ಸಿಟಿಯ ಡಾಕ್ಟ್ರು ಕೋವಿಡ್ ಬಂದು ಹೋಗಿದ್ದ 26 ಆಟಗಾರರ ಹೃದಯದ ಎಂಆರ್‌ಐ ಮಾಡಿ ನೋಡಿದಾಗ 4 ಜನರಲ್ಲಿ ಈ ಊತದ ಲಕ್ಷಣ ಕಾಣಿಸ್ತು. ನೂರಕ್ಕೆ ಹದಿನೈದು ಅಂದ್ರೆ ಎಂಥವರಿಗೂ ಎದೆ ನಡುಗುತ್ತೆ. ಆಮೇಲೆ ಬಿಗ್ ಟೆನ್‌ನವರು 1597 ಆಟಗಾರರನ್ನ ಎಂಆರ್‌ಐಗೆ ಒಳಪಡಿಸಿದಾಗ 37 ಜನಕ್ಕೆ ಸಿಕ್ತು, ನೂರಕ್ಕೆ 2.3. ಇನ್ನೊಂದು ದೊಡ್ಡ ಅಧ್ಯಯನದಲ್ಲಿ 42 ಕಾಲೇಜುಗಳಿಂದ ಪಾಸಿಟಿವ್ ಆಗಿದ್ದ 3018 ಜನರನ್ನ ನೋಡಿದ್ರು, ಹೃದಯಕ್ಕೆ ಏಟು ಬಿದ್ದಿರ್ಬೋದು ಅನ್ನೋರು 21 ಜನ, ನೂರಕ್ಕೆ 0.7.

ಮೊದಲಿನ ಭಯ ಜಾಸ್ತಿಯಾಯ್ತು, ಸುಮ್ನೆ ಗಾಬರಿಪಟ್ರು ಅಂತ ಇದನ್ನ ತೋರಿಸಿ ಹೇಳೋರು ಇದಾರೆ. ನಾನು ಒಪ್ಪಲ್ಲ. ಯಾಕಂದ್ರೆ ಆ 37 ಜನರಲ್ಲಿ ಎದೆ ನೋವು, ಏದುಸಿರು ಇಂಥ ಲಕ್ಷಣ ಕೇಳ್ಕೊಂಡು ಟೆಸ್ಟ್ ಮಾಡಿದ್ದಿದ್ರೆ ಸಿಗ್ತಿದ್ದೋರು ಬರೀ 5 ಜನ. ಉಳಿದ 32 ಹುಡುಗ್ರು ಹುಡುಗೀರು ನಾವು ಚೆನ್ನಾಗಿದೀವಿ ಅಂತಾನೇ ಮೈದಾನಕ್ಕೆ ಇಳೀತಿದ್ರು. ಆಗಸ್ಟಿನಲ್ಲಿ ಕೂತು ನಿರ್ಧಾರ ಮಾಡ್ತಿದ್ದೋರ ಕೈಯಲ್ಲಿ ಈ ಲೆಕ್ಕ ಯಾವುದೂ ಇರ್ಲಿಲ್ಲ, ಗೊತ್ತಿಲ್ಲದಿದ್ದಾಗ ನಿಲ್ಲಿಸಿದ್ದು ತಪ್ಪಲ್ಲ. ಆ ಸೆಪ್ಟೆಂಬರಿನಲ್ಲೇ ಪೆನ್ಸಿಲ್ವೇನಿಯಾದ ಒಂದು ಸಣ್ಣ ಯೂನಿವರ್ಸಿಟಿಯ ಇಪ್ಪತ್ತೇ ವರ್ಷದ ಫುಟ್‌ಬಾಲ್ ಆಟಗಾರ ಕೋವಿಡ್ ಆದ್ಮೇಲೆ ರಕ್ತ ಹೆಪ್ಪುಗಟ್ಟಿ ತೀರಿಕೊಂಡ. ಅವರ ಸೀಸನ್ ಮೊದಲೇ ನಿಂತಿತ್ತು, ಮ್ಯಾಚ್ ಆಡಿ ಬಂದ ರೋಗ ಅಲ್ಲ ಅದು. ಆದ್ರೂ ಯುವಕರಿಗೆ ಏನೂ ಆಗಲ್ಲ ಅಂತ ಹೇಳ್ತಿದ್ದ ಮಾತು ಆ ತಾಯಿ ಮುಂದೆ ಹೇಳೋಕ್ಕಾಗುತ್ತಾ.

ಬಿಗ್ ಟೆನ್ ಸೆಪ್ಟೆಂಬರ್ 16ಕ್ಕೆ ಮನಸ್ಸು ಬದಲಾಯಿಸ್ತು. ಒತ್ತಡ ಭಯಂಕರ ಇತ್ತು, ಅದು ಬೇರೆ. ಆದ್ರೆ ವಾಪಸ್ ಬಂದ ರೀತಿ ನನಗೆ ಹಿಡಿಸ್ತು. ಪ್ರತಿದಿನ ಆಂಟಿಜನ್ ಟೆಸ್ಟು, ಹದಿನೈದು ನಿಮಿಷದಲ್ಲಿ ಫಲಿತಾಂಶ ಬರುತ್ತಲ್ಲ ಅದು, ಪಾಸಿಟಿವ್ ಬಂದ್ರೆ ಪಿಸಿಆರ್ ಮಾಡಿ ಖಾತ್ರಿ, ಆಮೇಲೆ ಹೃದಯದ ಪೂರ್ತಿ ತಪಾಸಣೆ, 21 ದಿನ ಮ್ಯಾಚ್ ಇಲ್ಲ, ಟೀಮಿನಲ್ಲಿ ಸೋಂಕು ಇಂತಿಷ್ಟು ಪರ್ಸೆಂಟ್ ದಾಟಿದ್ರೆ ಇಡೀ ಟೀಮೇ ನಿಲ್ಬೇಕು. ಈ ಲೆಕ್ಕಾಚಾರ ಇದ್ರೆ ಆಡ್ಬೋದು ಅಂತ ನಾನೂ ಹೇಳ್ತೀನಿ. ಆದ್ರೆ ದಿನಾ ಟೆಸ್ಟ್ ಮಾಡೋ ಶಕ್ತಿ ಎಷ್ಟು ಕಾಲೇಜಿಗಿದೆ? ದುಡ್ಡಿಲ್ಲದ ಕಾಲೇಜು ವಾರಕ್ಕೊಂದು ಟೆಸ್ಟ್ ಮಾಡಿ ಮ್ಯಾಚಿಗೆ ಬಸ್ ಹತ್ತಿಸಿದ್ರೆ ಅದು ಜೂಜು. ಅದೂ ಅಲ್ದೆ ಆ ಕಿಟ್ಟುಗಳು ಅದೇ ಕ್ಯಾಂಪಸ್ಸಿನ ಅಡುಗೆಯವರಿಗೆ, ಹಾಸ್ಟೆಲ್ ಗುಡಿಸೋರಿಗೆ, ವಯಸ್ಸಾದ ಮೇಷ್ಟ್ರುಗಳಿಗೆ ಸಿಗ್ತಿರ್ಲಿಲ್ಲ ಅಂದ್ರೆ ಅದನ್ನೂ ಕೇಳ್ಲೇಬೇಕು, ರೋಗ ಹುಡುಗನ ಹತ್ರ ನಿಲ್ಲಲ್ಲ, ಅವನಿಂದ ಅವರಿಗೆ ಹೋಗುತ್ತೆ.

ಸೀಸನ್ ನಡೀತು. ನೂರಕ್ಕೂ ಹೆಚ್ಚು ಮ್ಯಾಚುಗಳು ರದ್ದಾದ್ವು ಇಲ್ಲಾ ಮುಂದಕ್ಕೆ ಹೋದ್ವು. ನವೆಂಬರ್ 7ರಂದು ನಾಟರ್ ಡೇಮ್ ಟೀಮು ಕ್ಲೆಮ್ಸನ್ನನ್ನ ಸೋಲಿಸಿದಾಗ, ದೂರ ದೂರ ಕೂರಿಸಿದ್ದ ವಿದ್ಯಾರ್ಥಿಗಳೆಲ್ಲ ಸಾವಿರಾರು ಜನ ಮೈದಾನಕ್ಕೆ ನುಗ್ಗಿಬಿಟ್ರು. ಟ್ರೆವರ್ ಲಾರೆನ್ಸ್ ಆ ಮ್ಯಾಚ್ ಆಡ್ಲಿಲ್ಲ, ಅವನಿಗೇ ಕೋವಿಡ್ ಬಂದಿತ್ತು. ಆಟಗಾರರಿಗೆ ಎಷ್ಟೇ ನಿಯಮ ಮಾಡಿ, ಗೆದ್ದ ಸಂತೋಷಕ್ಕೆ ನಿಯಮ ಮಾಡೋಕ್ಕಾಗಲ್ಲ, ಅದಕ್ಕೇ ಪ್ರೇಕ್ಷಕರಿಲ್ಲದೇ ಆಡೋದೊಂದೇ ದಾರಿ ಅಂತ ನನ್ನ ಅಭಿಪ್ರಾಯ. ಡ್ಯೂಕ್ ಯೂನಿವರ್ಸಿಟಿ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ಟೀಮು ನಾಲ್ಕೇ ಮ್ಯಾಚ್ ಆಡಿ ಕ್ರಿಸ್‌ಮಸ್ ದಿನ ಸೀಸನ್ ನಿಲ್ಲಿಸ್ತು, ಸಾಕು ಅನ್ನೋ ಧೈರ್ಯ ಅವರಿಗಿತ್ತು.

ಹೆಣ್ಣುಮಕ್ಕಳ ಮಾತು ಬಂತು, ಒಂದು ಹೇಳ್ದೆ ಮುಂದೆ ಹೋಗೋಕ್ಕೆ ಮನಸ್ಸು ಬರಲ್ಲ. 2021ರ ಮಾರ್ಚಿನಲ್ಲಿ ರಾಷ್ಟ್ರೀಯ ಟೂರ್ನಮೆಂಟ್ ಬಬಲ್ ರೀತೀಲೇ ನಡೀತು, ಗಂಡುಮಕ್ಕಳದು ಪೂರ್ತಿ ಇಂಡಿಯಾನಾ ರಾಜ್ಯದಲ್ಲಿ, ಹೆಣ್ಣುಮಕ್ಕಳದು ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೋ ಸುತ್ತಮುತ್ತ. ಗಂಡುಮಕ್ಕಳಿಗೆ ದೊಡ್ಡ ಜಿಮ್ಮು, ಹೆಣ್ಣುಮಕ್ಕಳಿಗೆ ಒಂದು ಸ್ಟ್ಯಾಂಡ್ ಡಂಬೆಲ್ಲು ಮತ್ತೆ ಯೋಗ ಮ್ಯಾಟು, ಒಬ್ಬ ಆಟಗಾರ್ತಿ ವಿಡಿಯೋ ಹಾಕಿದ ಮೇಲೆ ಸರಿ ಮಾಡಿದ್ರು. ಅದಕ್ಕಿಂತ ನನಗೆ ನೋವಾಗಿದ್ದು ಟೆಸ್ಟಿನ ವಿಷಯಕ್ಕೆ. ಗಂಡುಮಕ್ಕಳಿಗೆ ದಿನಾ ಪಿಸಿಆರ್, ಹೆಣ್ಣುಮಕ್ಕಳಿಗೆ ದಿನಾ ಆಂಟಿಜನ್. ಒಂದೇ ಸಂಸ್ಥೆ, ಒಂದೇ ವೈರಸ್ಸು.

ಆಟ ನಿಲ್ಲಿಸಿದ್ರೆ ಏನೂ ನಷ್ಟ ಇಲ್ಲ ಅಂತ ನಾನು ಹೇಳ್ತಿಲ್ಲ. ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ 2020ರ ಜುಲೈನಲ್ಲಿ ಖರ್ಚಿನ ಲೆಕ್ಕ ತೋರಿಸಿ 11 ಆಟಗಳನ್ನ ಕೈಬಿಡ್ತೀವಿ ಅಂದಾಗ ಅದರಲ್ಲಿ ಕುಸ್ತೀನೂ ಇತ್ತು. ಮುಂದಿನ ಮಾರ್ಚಿನಲ್ಲಿ ಅಲ್ಲಿನ ಶೇನ್ ಗ್ರಿಫಿತ್ ಅನ್ನೋ ಹುಡುಗ ಕಾಲೇಜಿನ ಹೆಸರೇ ಇಲ್ಲದ ಬರೀ ಕಪ್ಪು ಬಟ್ಟೆ ಹಾಕ್ಕೊಂಡು ಅಖಾಡಕ್ಕಿಳಿದು ರಾಷ್ಟ್ರೀಯ ಚಾಂಪಿಯನ್ ಆದ. ಮೇ ತಿಂಗಳಲ್ಲಿ ಯೂನಿವರ್ಸಿಟಿ ಆ 11 ಆಟಗಳನ್ನೂ ಉಳಿಸ್ಕೊಳ್ತು. ಕಾಲೇಜ್ ಆಟಗಾರನಿಗೆ ಇರೋದೇ ನಾಲ್ಕು ವರ್ಷ, ಒಂದು ವರ್ಷ ಹೋದ್ರೆ ನಾಲ್ಕರಲ್ಲಿ ಒಂದು ಪಾಲು ಹೋಯ್ತು, ಹಾಗಾಗಿ ಎನ್‌ಸಿಎಎ ಎಲ್ಲರಿಗೂ ಇನ್ನೊಂದು ವರ್ಷ ಆಡೋ ಅರ್ಹತೆ ಕೊಟ್ಟಿದ್ದು ಆ ಇಡೀ ಗೊಂದಲದಲ್ಲಿ ಮಾಡಿದ ಅತಿ ಒಳ್ಳೇ ಕೆಲಸ ಅಂತೀನಿ. ಕಳ್ಕೊಂಡಿದ್ದು ವಾಪಸ್ ಸಿಗುತ್ತೆ ಅಂತ ಗೊತ್ತಿದ್ರೆ ಹುಡುಗ ಜ್ವರ ಮುಚ್ಚಿಡಲ್ಲ.

ನನ್ನನ್ನ ಕೇಳಿದ್ರೆ, ಕ್ಲಾಸ್ ನಡೆಯೋ ಕ್ಯಾಂಪಸ್ಸಲ್ಲಿ ಆಟ ನಡೀಲಿ, ಕ್ಲಾಸ್ ಬಂದ್ ಮಾಡಿದ ದಿನ ಆಟಾನೂ ಬಂದ್ ಆಗ್ಲಿ. ಬರಲ್ಲ ಅನ್ನೋ ಹುಡುಗನ್ನ ಯಾಕೆ ಅಂತ ಕೇಳೋ ಅಧಿಕಾರ ಕೋಚಿಗೆ ಬೇಡ. ನಿಲ್ಲಿಸೋ ಅಧಿಕಾರ ಡಾಕ್ಟ್ರ ಕೈಯಲ್ಲಿರ್ಲಿ, ಆ ಡಾಕ್ಟ್ರ ಸಂಬಳ ಕ್ರೀಡಾ ವಿಭಾಗದಿಂದ ಬರೋದು ಬೇಡ.

ಲಸಿಕೆ ಬಂದ್ಮೇಲೂ ಇದು ಮುಗೀಲಿಲ್ಲ. 2021ರ ಜೂನ್ 25, ಒಮಾಹಾದಲ್ಲಿ ಕಾಲೇಜ್ ಬೇಸ್‌ಬಾಲ್‌ನ ವರ್ಲ್ಡ್ ಸೀರೀಸ್. ನಾರ್ತ್ ಕೆರೊಲೈನಾ ಸ್ಟೇಟ್ ಟೀಮಿನಲ್ಲಿ ಆಡೋಕ್ಕೆ ಉಳಿದಿದ್ದು 13 ಹುಡುಗ್ರು, ಉಳಿದವರು ಕೋವಿಡ್ ನಿಯಮದಿಂದ ಹೊರಗೆ. ಆ 13 ಜನಾನೇ ಪೂರ್ತಿ ಮ್ಯಾಚ್ ಆಡಿ 3-1ರಲ್ಲಿ ಸೋತ್ರು, ಆದ್ರೂ ಮಾರನೇ ದಿನ ಇನ್ನೊಂದು ಮ್ಯಾಚ್ ಇತ್ತು, ಅದು ಗೆದ್ರೆ ಫೈನಲ್. ನಡುರಾತ್ರಿ ದಾಟಿದ ಮೇಲೆ ಸುದ್ದಿ ಬಂತು, ಮ್ಯಾಚ್ ಇಲ್ಲ, ಎದುರಾಳಿ ಟೀಮು ಫೈನಲಿಗೆ. ಬೆಳಗಾಗೋ ಹೊತ್ತಿಗೆ ಅವರ ಸೀಸನ್ ಮುಗಿದಿತ್ತು.